ಟರ್ಬೊ ಪೈಪಿನಲ್ಲಿ ಹೊಗೆ ಲೀಕ್: ಪೇಸ್ಟ್ ಹಚ್ಚಲಾ, ವೆಲ್ಡಿಂಗ್ ಮಾಡಿಸಲಾ?

ಟಾಟಾ 407ರ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಚಕ್ರ) ಪೈಪಿನ ಫ್ಲೇಂಜಲ್ಲಿ, ಅಂದ್ರೆ ಪೈಪ್ ಜೋಡಿಸುವ ಚಪ್ಪಟೆ ಅಂಚಲ್ಲಿ, ಹೊಗೆ ಹೊಡೀತಿದೆ, ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಪಟ್ಟಿ) ಎರಡು ಸಲ ಹಾಕಿದ್ರೂ ನಿಂತಿಲ್ಲ, ಪೇಸ್ಟಾ ವೆಲ್ಡಿಂಗಾ ಅಂತ ಕೇಳಿದ್ದೀರಿ. ಎರಡೂ ಬೇಡ. ಎರಡು ಗ್ಯಾಸ್ಕೆಟ್ ತಿಂದ ಗಾಡಿ ಮೂರನೆಯದನ್ನೂ ತಿನ್ನುತ್ತೆ. ನಂದು ಮೂರು ತಿಂದು, ಒಂದು ಸ್ಟಡ್ಡನ್ನೂ (ನಟ್ ಕೂರುವ ತಿರುಪಿನ ಕಡ್ಡಿ) ಮುರಿದುಕೊಂಡಿತು.

ತಪ್ಪು ಗ್ಯಾಸ್ಕೆಟ್ಟಿನದ್ದಲ್ಲ, ನಾನು ಬಿಗಿ ಮಾಡಿದ ಕ್ರಮದ್ದು. ಟರ್ಬೊದಿಂದ ಕೆಳಗಿಳಿಯುವ ಪೈಪ್ ಕೂರಿಸುವಾಗ ಫ್ಲೇಂಜಿನ ಒಂದು ಬದಿಯಲ್ಲಿ 4 ಎಂ.ಎಂ. ಸಂದು ಉಳಿದಿತ್ತು. ನಟ್ಟೇ ಎಳೆದುಕೊಳ್ಳುತ್ತೆ ಬಿಡು ಅಂತ ಸ್ಪ್ಯಾನರ್ ಹಾಕಿ ಎಳೆದೆ. ಸಂದು ಮುಚ್ಚಿತು, ನಿಜ. ಆದರೆ ಆ 4 ಎಂ.ಎಂ. ಎಲ್ಲೂ ಹೋಗಿರಲಿಲ್ಲ, ಬಗ್ಗಿಸಿಟ್ಟ ಬಿಲ್ಲಿನ ಹಾಗೆ ಪೈಪಲ್ಲೇ ಕೂತಿತ್ತು. ಸಂದು ಬಂದದ್ದೇ ಹಿಂದೆ ಸೈಲೆನ್ಸರನ್ನು ಗಾಡಿಗೆ ತೂಗುಹಾಕುವ ಹ್ಯಾಂಗರಿನ ರಬ್ಬರ್ ಹರಿದು ಪೈಪ್ ಜೋತುಬಿದ್ದಿದ್ದರಿಂದ. ಅಷ್ಟೂ ಭಾರ ಫ್ಲೇಂಜಿನ ಸ್ಟಡ್‌ಗಳ ಮೇಲೆ. ಸಾಲದ್ದಕ್ಕೆ, ಒಂದು ಮೀಟರ್ ಉಕ್ಕಿನ ಪೈಪ್ 400 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ 5 ಎಂ.ಎಂ. ಉದ್ದವಾಗುತ್ತೆ, ಆರಿದಾಗ ಕುಗ್ಗುತ್ತೆ. ಹ್ಯಾಂಗರ್ ನೆಟ್ಟಗಿದ್ದರೆ ಪೈಪ್ ಹಿಂದಕ್ಕೆ ಸರಿದು ಸುಮ್ಮನಾಗುತ್ತೆ. ಇಲ್ಲದಿದ್ದರೆ ಪ್ರತಿ ಟ್ರಿಪ್ಪಿಗೂ ಆ ತಳ್ಳಾಟ ಸ್ಟಡ್ಡಿಗೆ. ಸ್ಟಡ್ ಹಿಗ್ಗುತ್ತೆ, ನಟ್ ಸಡಿಲಾಗುತ್ತೆ, ಗ್ಯಾಸ್ಕೆಟ್ ಒಂದು ಮೂಲೆಯಿಂದ ಸುಡುತ್ತೆ. ನನ್ನ ಮೂರೂ ಗ್ಯಾಸ್ಕೆಟ್ ಅದೇ ಮೂಲೆಯಲ್ಲಿ ಸುಟ್ಟಿದ್ದವು. ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಬಂದದ್ದು ಮೂರನೆಯದಾದ ಮೇಲೆ. ಹಳೆಯವನ್ನು ನೀವು ಬಿಸಾಡಿಲ್ಲದಿದ್ದರೆ ಮೊದಲು ಅವನ್ನೇ ನೋಡಿ.

ಪೇಸ್ಟ್ ವಿಷಯ: ಕೆಂಪು ಸಿಲಿಕಾನ್ ತಡೆಯೋದು ಹೆಚ್ಚೆಂದರೆ 340 ಡಿಗ್ರಿ. ಲೋಡ್ ಹಾಕಿ ಘಾಟಿ ಹತ್ತುವಾಗ ಹೊಗೆಯ ಬಿಸಿ ಟರ್ಬೊ ದಾಟಿದ ಮೇಲೂ 400 ಮೀರುತ್ತೆ, ಟರ್ಬೊಗಿಂತ ಮುಂಚೆ 600 ಮೀರುತ್ತೆ. ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆಯನ್ನು ಒಟ್ಟುಮಾಡಿ ಟರ್ಬೊಗೆ ಕೊಡುವ ಕೊಳವೆ) ಕಡೆ ಹಚ್ಚಿದರೆ ಒಣಗಿದ ಚೂರು ಕಿತ್ತು ನೇರ ಟರ್ಬೈನ್ ಚಕ್ರಕ್ಕೇ ಹೋಗುತ್ತೆ. ವೆಲ್ಡಿಂಗ್ ಇನ್ನೂ ಕೆಟ್ಟದ್ದು. ಮ್ಯಾನಿಫೋಲ್ಡ್ ಬೀಡು ಕಬ್ಬಿಣ. ಮಾಮೂಲಿ ರಾಡ್ ಹಾಕಿದರೆ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತೆ. ಬಿರುಕೇ ಇದ್ದರೆ ಮ್ಯಾನಿಫೋಲ್ಡ್ ಬದಲಾಯಿಸಿ.

ಮೊದಲು ಲೀಕ್ ನಿಜಕ್ಕೂ ಎಲ್ಲಿ ಅಂತ ಹಿಡಿಯಿರಿ. ಒಣ ಕಪ್ಪು ಮಸಿ ಇದ್ದರೆ ಹೊಗೆ ಕಡೆಯದು. ಜಿಡ್ಡು ಜಿಡ್ಡಾಗಿದ್ದರೆ ಅದು ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್, ಬೇರೆ ಕಥೆ. ಟರ್ಬೊಗಿಂತ ಮುಂಚೆ ಲೀಕಾದರೆ ಎಳೆತ ಬೀಳುತ್ತೆ, ಕಪ್ಪು ಹೊಗೆ ಬರುತ್ತೆ. ಆಮೇಲಿನದಾದರೆ ಎಳೆತ ಅಷ್ಟು ಕಮ್ಮಿಯಾಗಲ್ಲ, ಕ್ಯಾಬಿನ್ನಿಗೆ ವಾಸನೆ ಬರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ನಿಲ್ಲುವುದು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನ ಲಕ್ಷಣ. ಇಂಜಿನ್ ಆರಿದಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಬಟ್ಟೆ ಸುತ್ತಿ ಸೈಲೆನ್ಸರ್ ತುದಿಗೆ ಕೊಟ್ಟು, ಜಾಯಿಂಟುಗಳಿಗೆಲ್ಲ ಸೋಪಿನ ನೀರು ಸ್ಪ್ರೇ ಮಾಡಿ. ನೊರೆ ಎದ್ದ ಕಡೆ ಲೀಕ್. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿ ಹುಡುಕಬೇಡಿ.

ಬಿಚ್ಚುವ ಹಿಂದಿನ ರಾತ್ರಿಯೇ ಸ್ಟಡ್ಡುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಎರಡು ಮೂರು ಸಲ ಹೊಡೆಯಿರಿ. ನಟ್ ಬಿಚ್ಚುವಾಗ ಬಿಗಿ ಬಂದರೆ ಅರ್ಧ ಸುತ್ತು ಹಿಂದೆ ಮುಂದೆ ಆಡಿಸಿ. ಒಂದೇ ಏಟಿಗೆ ಎಳೆದರೆ ಬೀಡಿನೊಳಗೇ ಮುರಿಯುತ್ತೆ. ಆಮೇಲೆ ಡ್ರಿಲ್ ಹಿಡಿದು ಕೂರುವ ಕೆಲಸ ಅರ್ಧ ದಿನದ್ದು. ಟರ್ಬೊ ಬಾಯಿಗೆ ಬಟ್ಟೆ ತುರುಕಿಡಿ. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ, ಒಂದು ವಾಷರ್ ಬಿದ್ದರೆ ಮುಗೀತು. ಜೋಡಿಸುವಾಗ ಆ ಬಟ್ಟೆ ತೆಗೆಯೋದನ್ನೂ ಮರೀಬೇಡಿ.

ಹಳೇ ಗ್ಯಾಸ್ಕೆಟ್ ಕೆರೆದು ತೆಗೆದು, ಫ್ಲೇಂಜಿನ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. 0.10 ಎಂ.ಎಂ. ಎಲೆ ಒಳಹೋದರೆ ಲೇತ್ ಅಂಗಡಿಯಲ್ಲಿ ಮುಖ ಸಮ ಮಾಡಿಸಿ (ಫೇಸಿಂಗ್). ವಕ್ರ ಮುಖಕ್ಕೆ ಎಷ್ಟು ಒಳ್ಳೆ ಗ್ಯಾಸ್ಕೆಟ್ ಹಾಕಿದರೂ ದಂಡ. ಸ್ಟಡ್, ನಟ್ ಎರಡೂ ಬಿಸಿ ತಡೆಯುವ ಜಾತಿಯ ಹೊಸವು ಬೇಕು. ನೈಲಾನ್ ಬಳೆಯ ನಟ್ ಹಾಕಿದರೆ ಮೊದಲ ದಿನವೇ ನೈಲಾನ್ ಕರಗುತ್ತೆ. ಲೋಹದ್ದೇ ಗ್ಯಾಸ್ಕೆಟ್, ಅದಕ್ಕೆ ಏನೂ ಹಚ್ಚಬಾರದು.

ಈಗ ನಾನು ಎಡವಿದ ಜಾಗ. ಮೊದಲು ಹ್ಯಾಂಗರ್ ರಬ್ಬರ್ ಹೊಸದು ಹಾಕಿ. ಎಲ್ಲ ಜಾಯಿಂಟಿನ ನಟ್ಟನ್ನೂ ಬೆರಳಲ್ಲಿ ಮಾತ್ರ ತಿರುಗಿಸಿ ಬಿಡಿ. ಪೈಪ್ ಕೈಯಲ್ಲಿ ಅಲ್ಲಾಡಿಸಿದರೆ ಫ್ಲೇಂಜುಗಳು ತಾವಾಗಿ ಸಮ ಕೂರಬೇಕು. ಕೂರದಿದ್ದರೆ ಬ್ರಾಕೆಟ್ ಸರಿಸಿ, ಪೈಪ್ ಬಗ್ಗಿಸಿ, ಏನು ಬೇಕಾದರೂ ಮಾಡಿ, ನಟ್ಟಿನಿಂದ ಮಾತ್ರ ಎಳೆಸಬೇಡಿ. ಆಮೇಲೆ ಟರ್ಬೊ ಕಡೆಯಿಂದ ಶುರುಮಾಡಿ, ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿ. ಎಷ್ಟು ಬಿಗಿ ಅನ್ನೋದಕ್ಕೆ ನಿಮ್ಮ ಇಂಜಿನ್ನಿನ ಮ್ಯಾನ್ಯುಯಲಿನ ಟಾರ್ಕ್ ಅಂಕಿಯೇ ಕೊನೆ ಮಾತು. ಅಂದಾಜಿಗೆ 8 ಎಂ.ಎಂ. ಸ್ಟಡ್ಡಿಗೆ 22–25 ನ್ಯೂಟನ್ ಮೀಟರ್, 10ರದ್ದಕ್ಕೆ 40–45. ಹ್ಯಾಂಗರ್ ಬ್ರಾಕೆಟ್ ಬಿಗಿ ಮಾಡೋದು ಎಲ್ಲಕ್ಕಿಂತ ಕೊನೆಗೆ.

ಟರ್ಬೊ ಇಳಿಸಿದ್ದರೆ ಆಯಿಲ್ ಬರುವ ತೂತಿಗೆ ಹೊಸ ಇಂಜಿನ್ ಆಯಿಲ್ ತುಂಬಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಡೀಸೆಲ್ ಕಟ್ ಮಾಡಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಮಾಡಿ, ಐದು ನಿಮಿಷ ಐಡಲಿನಲ್ಲೇ ಬಿಡಿ. ಮೊದಲ ಲೋಡ್ ಟ್ರಿಪ್ ಮುಗಿದು ಗಾಡಿ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಸೋಪಿನ ನೀರು ಹೊಡೆದು ನೋಡಿ.