ಕೊಡಗಿನ ಶಾಲಾ ಮಕ್ಕಳ ಜೊತೆ ನವೆಂಬರ್‌ನಲ್ಲಿ ಗೂಬೆ ಹಿಡಿದು ಕಾಲಿಗೆ ಗುರುತಿನ ಉಂಗುರ ಹಾಕಬಹುದೇ?

ಹಿಡಿಯುವುದು ಬೇಡ. ನಮ್ಮಲ್ಲಿ ಗೂಬೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಲೆ ಹಾಕಿ ಉಂಗುರ ತೊಡಿಸಲು ಅನುಮತಿ ಬೇಕು, ಪಳಗಿದ ಕೈಯೂ ಬೇಕು.

ವಿಡಿಯೊಗಳಲ್ಲಿ ಮಕ್ಕಳ ಮುಂದೆ ಉಂಗುರ ಹಾಕುವುದನ್ನು ನೋಡಿರಬಹುದು. ಅದು ಹೆಚ್ಚಾಗಿ ಉತ್ತರ ಅಮೆರಿಕದ ಪುಟ್ಟ ಸಾ-ವೆಟ್ ಗೂಬೆ. ಅಕ್ಟೋಬರ್, ನವೆಂಬರ್‌ನಲ್ಲಿ ಅದು ದಕ್ಷಿಣಕ್ಕೆ ವಲಸೆ ಹೋಗುತ್ತದೆ, ಅದಕ್ಕೇ ಅಲ್ಲಿ ಆ ಹೊತ್ತಲ್ಲಿ ಬಲೆ ಹಾಕುತ್ತಾರೆ. ರೆಕ್ಕೆಯ ಅಡಿಗೆ ಅತಿನೇರಳೆ ದೀಪ ಹಿಡಿದರೆ ಹೊಸ ಗರಿ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ, ಹಳೆಯದು ಮಂಕಾಗಿರುತ್ತದೆ. ವಯಸ್ಸು ಅಂದಾಜು ಮಾಡುವುದು ಹಾಗೆ. ನಮ್ಮ ಹೆಚ್ಚಿನ ಗೂಬೆಗಳು ವರ್ಷವಿಡೀ ಇದ್ದಲ್ಲೇ ಇರುತ್ತವೆ.

ಹಾಗಾಗಿ ಕಿವಿಯೇ ಸಾಕು. ಮುಸ್ಸಂಜೆ ಶಾಲೆಯ ಅಂಗಳದಲ್ಲೋ ಕಾಫಿ ಕಣದಲ್ಲೋ ಹತ್ತು ನಿಮಿಷ ಸುಮ್ನೆ ಕೂತು, ಕೂಗು, ದಿಕ್ಕು, ಹೊತ್ತು ಬರೆದುಕೊಳ್ಳಿ. ವಾರಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು. ತೋಟದೊಳಗೆ ಮಾತ್ರ ಬೇಡ, ಆನೆ ಇರುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಲೂ ಬೇಡಿ, ಹಕ್ಕಿಗೆ ಸುಮ್ಮನೆ ತೊಂದರೆ.

ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದು ಗೂಬೆ ಕಕ್ಕಿದ ಉಂಡೆ, ಅಂದರೆ ಬೇಟೆಯ ಜೀರ್ಣವಾಗದ ಕೂದಲು, ಮೂಳೆಯ ಮುದ್ದೆ. ಹಳೇ ಗೋದಾಮಿನ ಮೂಲೆಯಲ್ಲಿ ಕಣಜದ ಗೂಬೆ ಕೂರುವ ಜಾಗದ ಕೆಳಗೆ ಸಿಗುತ್ತದೆ. ಕೈಗವಸು ಹಾಕಿ, ಬಿಸಿನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ. ಕೂದಲಿನ ನಡುವೆ ಇಲಿಯ ದವಡೆ, ಕಿತ್ತಳೆ ಬಣ್ಣದ ಬಾಚಿಹಲ್ಲು ಸಮೇತ ಸಿಗುತ್ತದೆ. ಗೂಬೆ ಅಪಶಕುನ ಅಂತ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ತೋರಿಸಲೇಬೇಕು, ಅಲ್ವಾ? ದೀಪಾವಳಿ ಹೊತ್ತಿಗೆ ಮಾಟಕ್ಕೆಂದು ಗೂಬೆ ಹಿಡಿಯುವವರಿದ್ದಾರೆ. ಗೂಡಿನ ಜಾಗವನ್ನು ಗ್ರೂಪ್‌ಗಳಲ್ಲಿ ಹಾಕಬೇಡಿ.