ತೋಟದ ಮಾತು: ವಸಂತದ ಹೂವಿಗೆ ಕಕ್ಕಡದಲ್ಲೇ ಆರ್ಡರ್

ಮೂರು ದಿನದಿಂದ ಕರೆಂಟಿಲ್ಲ, ಮಳೆಯೂ ಬಿಟ್ಟಿಲ್ಲ. ಒಲೆ ಪಕ್ಕ ಕೂತು ನಿಮ್ಮ ಪತ್ರಗಳನ್ನೆಲ್ಲ ಓದಿದೆ. ಈ ಸಲ ಬಂದಿದ್ದರಲ್ಲಿ ಬೀಜ, ಗೆಡ್ಡೆ, ಗಿಡ ತರಿಸುವ ವಿಚಾರವೇ ಜಾಸ್ತಿ. ಅಂಗಳಕ್ಕೆ ಇಳಿಯಲಾಗದ ಈ ದಿನಗಳಲ್ಲಿ ಮಾಡಬಹುದಾದ ತೋಟದ ಕೆಲಸ ಅದೊಂದೇ ಅಲ್ವಾ?

ಅಕ್ಕಾ, ಫೆಬ್ರವರಿ ಕೊನೆಗೆ ನಮ್ಮ ಹೊಸ ಮನೆಯ ಒಕ್ಕಲು. ಅಂಗಳದ ತುಂಬ ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್ ಇರಬೇಕು ಅಂತ ಆಸೆ. ಹೋದ ವರ್ಷ ಕ್ಯಾಟಲಾಗ್ ನೋಡಿ ಜನವರಿಯಲ್ಲಿ ಬೀಜ ತರಿಸಿದ್ದೆ. ‘ಸ್ಪ್ರಿಂಗ್‌ನಲ್ಲಿ ಬಿತ್ತಿ’ ಅಂತ ಬರೆದಿತ್ತು, ಮಾರ್ಚ್‌ನಲ್ಲಿ ಬಿತ್ತಿದೆ. ಮೊಗ್ಗು ಕಾಣುವಷ್ಟರಲ್ಲಿ ಮಳೆಗಾಲ ಬಂದು ಎಲ್ಲ ಕೊಳೆತು ಹೋಯ್ತು. ಈ ಸಲ ಯಾವಾಗ ತರಿಸಲಿ? — ಓದುಗರೊಬ್ಬರು, ಸೋಮವಾರಪೇಟೆ

ಇವತ್ತೇ ತರಿಸಿ ತಂಗಿ. ಕಕ್ಕಡ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಕೊಡಗಿನ ಜಡಿಮಳೆ ತಿಂಗಳು, ಮುಗಿಯುವ ಮೊದಲು.

‘ಸ್ಪ್ರಿಂಗ್‌ನಲ್ಲಿ ಬಿತ್ತಿ’ ಅನ್ನುವುದು ಹಿಮ ಬೀಳುವ ದೇಶದವರಿಗೆ ಬರೆದ ಮಾತು. ಅಲ್ಲಿ ಹಿಮ ಕರಗುವ ತನಕ ನೆಲಕ್ಕೆ ಕೈ ಹಾಕುವ ಹಾಗಿಲ್ಲ. ಆ ಸಾಲನ್ನು ನಮ್ಮ ಕೆಲವು ಕ್ಯಾಟಲಾಗಿನವರು ಹಾಗೇ ಎತ್ತಿ ಹಾಕಿಬಿಡುತ್ತಾರೆ. ಪೆಟೂನಿಯಾ, ಫ್ಲಾಕ್ಸ್, ಪ್ಯಾನ್ಸಿಗಳಿಗೆ ಬೇಕಾದ ತಂಪು, ಒಣ ಹವೆ, ಒಳ್ಳೆ ಬಿಸಿಲು ನಮ್ಮಲ್ಲಿ ಸಿಗುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ಅವರು ಬೇಸಿಗೆಯಲ್ಲಿ ನೋಡುವ ಹೂವನ್ನು ನಾವು ಚಳಿಯಲ್ಲಿ ನೋಡುತ್ತೇವೆ. ಹಾಗಾಗಿ ಹೂ ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ.

ನಮ್ಮತ್ತೆ ಇದಕ್ಕೆ ಹಬ್ಬಗಳ ಲೆಕ್ಕ ಇಟ್ಟುಕೊಂಡಿದ್ದರು. ಕಕ್ಕಡದಲ್ಲಿ ಆರ್ಡರ್. ಸೆಪ್ಟೆಂಬರ್ ಮೊದಲಿಗೆ ಬರುವ ಆಯುಧದ ಹಬ್ಬ ಕೈಲ್‌ಪೊಳ್ದ್ ಕಳೆದ ಮೇಲೆ ಬಿತ್ತನೆ. ಅಕ್ಟೋಬರ್‌ನಲ್ಲಿ ಕಾವೇರಿ ತೀರ್ಥ ಆದ ಮೇಲೆ ನಾಟಿ. ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ಮೊದಲ ಮೊಗ್ಗು. ಆಗೆಲ್ಲ ಪುಣೆ, ಬೆಂಗಳೂರಿನಿಂದ ಅಂಚೆಯಲ್ಲಿ ಕ್ಯಾಟಲಾಗ್ ಬರುತ್ತಿತ್ತು. ಬೀಜ ವಿ.ಪಿ.ಪಿ.ಯಲ್ಲಿ. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟರೇ ಪೊಟ್ಟಣ ಕೈಗೆ. ಅತ್ತೆಯ ಹಳೇ ಕ್ಯಾಟಲಾಗ್‌ಗಳು ಇನ್ನೂ ನನ್ನ ಹತ್ತಿರ ಇವೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ. ಪ್ಯಾನ್ಸಿ ಪಕ್ಕ ‘ಸೊಗಸು, ಇನ್ನೂ ಎರಡು ಪ್ಯಾಕೆಟ್’. ಸ್ವೀಟ್‌ಪೀ ಪಕ್ಕ ‘ಮಳೆಗೆ ಹೋಯ್ತು’. ಗ್ಲಾಡಿಯೋಲಸ್ ಪುಟದ ತುಂಬ ದೊಡ್ಡದಾಗಿ ‘ಮುಳ್ಳುಹಂದಿ’. ಅಷ್ಟೇ. ಆ ಒಂದು ಪದದಲ್ಲೇ ಅವರ ಸಿಟ್ಟೆಲ್ಲ ಇದೆ. ಕ್ಯಾಟಲಾಗ್ ಪಟಕ್ಕಿಂತ ನನಗೆ ಆ ಪೆನ್ಸಿಲ್ ಬರಹದ ಮೇಲೆಯೇ ನಂಬಿಕೆ. ನೀವು ಫೋನ್‌ನಲ್ಲಿ ತರಿಸಿದರೂ ಒಂದು ನೋಟ್‌ಬುಕ್ ಇಡಿ.

ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತಬೇಡಿ. ಪೆಟೂನಿಯಾ, ಸಾಲ್ವಿಯಾಗೆ ಬಿತ್ತಿದ ಮೇಲೆ ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಪೆಟೂನಿಯಾವನ್ನು ಸೆಪ್ಟೆಂಬರ್ ಮಧ್ಯಕ್ಕೆ ಬಿತ್ತಿ. ತುದಿ ಚಿವುಟುತ್ತಾ ಹೋದರೆ ಫೆಬ್ರವರಿಯವರೆಗೂ ಹೂ ಬಿಡುತ್ತಲೇ ಇರುತ್ತದೆ. ಸಾಲ್ವಿಯಾ ಅಕ್ಟೋಬರ್‌ನಲ್ಲಿ. ಫ್ಲಾಕ್ಸ್ ಬೇಗ ಹೂ ಬಿಟ್ಟು ಬೇಗ ಸುಸ್ತಾಗುವ ಗಿಡ. ಅದನ್ನು ನವೆಂಬರ್‌ಗೆ ಇಟ್ಟುಕೊಳ್ಳಿ. ಚೆಂಡುಹೂವನ್ನು ಡಿಸೆಂಬರ್ ಮೊದಲ ವಾರ ಬಿತ್ತಿದರೂ ಸಾಕು.

ಪೆಟೂನಿಯಾ ಬೀಜ ನೋಡಿ ಗಾಬರಿಯಾಗಬೇಡಿ. ಒಂದು ಗ್ರಾಂಗೆ ಸುಮಾರು 10,000 ಬೀಜ ಬರುತ್ತವೆ, ಸಾಸಿವೆ ಅದರ ಮುಂದೆ ಕುಂಬಳಕಾಯಿ. ಸೀನಿದರೆ ಹಾರಿಹೋಗುತ್ತದೆ. ನಾನಂತೂ ಒಂದು ಚಮಚ ಒಣ ಮರಳಿನ ಜೊತೆ ಕಲಸಿ, ಉಪ್ಪು ಉದುರಿಸಿದ ಹಾಗೆ ಉದುರಿಸುತ್ತೇನೆ. ಮೇಲೆ ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬಿದ್ದರೇ ಮೊಳಕೆ. ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ಮೇಲಿಂದ ನೀರು ಹಾಕಿದರೆ ಎಲ್ಲ ಒಂದು ಮೂಲೆಗೆ ತೇಲಿ ಹೋಗುತ್ತದೆ. ಟ್ರೇಯನ್ನೇ ನೀರಿನ ತಟ್ಟೆಯಲ್ಲಿಟ್ಟು ಅಡಿಯಿಂದ ಕುಡಿಸಿ. ಫ್ಲಾಕ್ಸ್ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೆ ಕತ್ತಲೆ ಬೇಕು, ತೆಳ್ಳಗೆ ಮಣ್ಣು ಮುಚ್ಚಿ.

ಮಣ್ಣಿಗೆ ತಲೆ ಕೆಡಿಸಿಕೊಳ್ಳಬೇಡಿ. ಕಾಫಿ ಸಸಿಯ ತೊಟ್ಟೆಗೆ ತುಂಬಿಸುತ್ತೇವಲ್ಲ, ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಅದನ್ನೇ ಸಣ್ಣ ಜರಡಿ ಹಿಡಿದು ಅಷ್ಟೇ ತೆಂಗಿನ ನಾರಿನ ಪುಡಿ ಸೇರಿಸಿ. ಬಿತ್ತುವ ಹಿಂದಿನ ದಿನ ಕುದಿಯುವ ನೀರು ಸುರಿದು ಆರಲು ಬಿಡಿ. ಎಳೆ ಸಸಿಗಳು ರಾತ್ರಿ ಬೆಳಗಾಗುವುದರೊಳಗೆ ಬುಡ ಕೊಳೆತು ಮಲಗುವ ರೋಗ ಇದರಿಂದ ಕಡಿಮೆಯಾಗುತ್ತದೆ. ಟ್ರೇಗಳು ಶೀಟಿನ ಕೆಳಗೇ ಇರಲಿ. ಅಕ್ಟೋಬರ್‌ನ ಸಂಜೆ ಮಳೆಯನ್ನು ನಂಬುವ ಹಾಗಿಲ್ಲ.

ಬೇಗ ಮಾಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕಾಫಿ ಕೊಯ್ಲು ಶುರುವಾದರೆ ಅಂಗಳದ ಕೆಲಸಕ್ಕೆ ಒಬ್ಬ ಆಳೂ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಕೆರೆ ನೀರೆಲ್ಲ ರೊಬಸ್ಟಾ ಕಾಫಿಯ ಸ್ಪ್ರಿಂಕ್ಲರ್‌ಗೆ. ಆಗ ಹೂಗಿಡಕ್ಕೆ ಎರಡು ಬಕೆಟ್ ಕೇಳಿದರೆ ನಮ್ಮ ಮನೆಯವರು ನನ್ನನ್ನು ನೋಡುವ ನೋಟವೇ ಬೇರೆ.

ಪ್ಯಾಕೆಟ್ ಬಂದ ಕೂಡಲೇ ಹಿಂದುಗಡೆ ತಿರುಗಿಸಿ. ಪರೀಕ್ಷೆ ಮಾಡಿದ ದಿನ, ನೂರಕ್ಕೆ ಎಷ್ಟು ಮೊಳಕೆ, ಯಾವ ತಾರೀಖಿನವರೆಗೆ ಬಿತ್ತಬಹುದು, ಇವು ಮೂರೂ ಇರಬೇಕು. ಹೂವಿನ ಪಟ ಮಾತ್ರ ಇದ್ದು ಇವು ಇಲ್ಲದಿದ್ದರೆ ಮುಂದಿನ ಸಲ ಆ ಕಡೆ ತಲೆ ಹಾಕಬೇಡಿ. ‘ಎಫ್1’ ಅಂತ ಇದ್ದರೆ ಅದು ಹೈಬ್ರಿಡ್. ಅದರ ಬೀಜ ಹಿಡಿದು ಮುಂದಿನ ವರ್ಷ ಹಾಕಿದರೆ ಅದೇ ಹೂ ಬರುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ.

ಗುಲಾಬಿ ಬಣ್ಣದ ಹೈಡ್ರೇಂಜಿಯ ಅಂತ ಪಟ ನೋಡಿ ನಾಲ್ಕು ಗಿಡ ತರಿಸಿದೆ. ಮೊದಲ ವರ್ಷ ಗುಲಾಬಿ ಬಣ್ಣವೇ ಇತ್ತು. ನೆಲಕ್ಕೆ ಇಳಿಸಿದ ಮೇಲೆ ಮಾಸಲು ನೇರಳೆ, ಈಗ ಪೂರ್ತಿ ನೀಲಿ. ಗಿಡ ಬದಲಾಯಿಸಿ ಕೊಡಿ ಎಂದರೆ ಅವರು ನಗುತ್ತಾರೆ. ಇದು ಮೋಸ ಅಲ್ವಾ? — ಓದುಗರೊಬ್ಬರು, ವಿರಾಜಪೇಟೆ

ಈ ಸಲ ಮಾರಿದವರ ತಪ್ಪಿಲ್ಲ. ನಿಮ್ಮ ಮಣ್ಣಿನ ಕೆಲಸ ಇದು. ನಮ್ಮ ಕೊಡಗಿನ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಅದು ಹೂವಿಗೆ ಹೋಗಿ ನೀಲಿ ಮಾಡುತ್ತದೆ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ಇದ್ದರೆ ನೀವು ಹೇಳಿದ ಮಾಸಲು ನೇರಳೆ. ಬಿಳಿ ಜಾತಿ ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ಗುಲಾಬಿ ಬಣ್ಣವೇ ಬೇಕು ಅಂದರೆ ಒಂದೆರಡು ಗಿಡವನ್ನು ದೊಡ್ಡ ಕುಂಡಕ್ಕೆ ತೆಗೆದು, ಆಗಾಗ ಸ್ವಲ್ಪ ಕೃಷಿ ಸುಣ್ಣ ಹಾಕಿ. ಬಣ್ಣ ತಿರುಗಲು ಒಂದು ವರ್ಷವಾದರೂ ಬೇಕು. ನೆಲದಲ್ಲಿರುವುದಕ್ಕೆ ಸುಣ್ಣ ಸುರಿಯುತ್ತಾ ಹೋದರೆ ವರ್ಷ ವರ್ಷ ಮಳೆ ತೊಳೆದುಕೊಂಡು ಹೋಗುತ್ತದೆ, ಸುಮ್ನೆ ದಂಡ. ನಾನಾದರೆ ನೀಲಿಯನ್ನೇ ಬಿಡುತ್ತೇನೆ. ಆ ನೀಲಿ ಬರಲಿ ಅಂತ ಬೇರೆ ಊರಿನವರು ದುಡ್ಡು ಕೊಟ್ಟು ಔಷಧಿ ಹಾಕುತ್ತಾರೆ.

ನೀಲಿ ಗುಲಾಬಿ ಬೀಜ, 50ಕ್ಕೆ 99 ರೂಪಾಯಿ ಅಂತ ಫೋನ್‌ನಲ್ಲಿ ಬರುತ್ತಿದೆ. ತರಿಸಬಹುದಾ ಆಂಟಿ? — ಕಾಲೇಜು ವಿದ್ಯಾರ್ಥಿನಿ, ಕುಶಾಲನಗರ

ಬೇಡ ಮಗಳೇ. ಆ 99 ರೂಪಾಯಿಗೆ ಮಸಾಲೆ ದೋಸೆ ತಿನ್ನು.

ಗುಲಾಬಿ ಗಿಡಕ್ಕೆ ನೀಲಿ ಬಣ್ಣ ಮಾಡುವ ಶಕ್ತಿಯೇ ಇಲ್ಲ. ಜಪಾನಿನ ಸನ್‌ಟೋರಿ ಕಂಪನಿಯವರು ವರ್ಷಗಟ್ಟಲೆ ಕಷ್ಟಪಟ್ಟು, ಪ್ಯಾನ್ಸಿ ಹೂವಿನ ಜೀನ್ ಹಾಕಿ ಒಂದು ಗುಲಾಬಿ ಮಾಡಿದರು. 2009ರಲ್ಲಿ ಅದು ಮಾರಾಟಕ್ಕೆ ಬಂತು. ಅದೂ ತಿಳಿ ನೇರಳೆಯೇ ಹೊರತು ಪಟದಲ್ಲಿರುವ ಆ ಇಂಕಿನ ನೀಲಿ ಅಲ್ಲ. ಇನ್ನು ತೋಟದ ಗುಲಾಬಿಯನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸಿ ಮಾರುವುದಿಲ್ಲ. ಕಣ್ಣು ಕಸಿ, ಇಲ್ಲವೇ ಕಡ್ಡಿ. ಬೀಜದಿಂದ ಬಂದರೆ ತಾಯಿಯ ಬಣ್ಣವೇ ಬರುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ.

ಇನ್ನೊಂದು ಮಾತು. ಹೊರದೇಶದಿಂದ ಬೀಜ ತರಿಸುವುದಕ್ಕೆ ಆಮದು ಪರವಾನಗಿ, ರೋಗವಿಲ್ಲ ಎಂಬ ಪ್ರಮಾಣಪತ್ರ ಬೇಕು. 2020ರ ಆಗಸ್ಟ್‌ನಲ್ಲಿ ಕೇಳದೇ ಬರುವ ಬೀಜದ ಪಾರ್ಸೆಲ್‌ಗಳ ಬಗ್ಗೆ ಎಚ್ಚರ ಅಂತ ಕೇಂದ್ರ ಕೃಷಿ ಸಚಿವಾಲಯವೇ ರಾಜ್ಯಗಳಿಗೆ ಬರೆದಿತ್ತು. ಅಂಥದ್ದು ಬಂದರೆ ಕುಂಡಕ್ಕೆ ಹಾಕಿ ನೋಡೋಣ ಅನ್ನಬೇಡ.

ಹನ್ನೆರಡು ಡೇಲಿಯಾ ಗೆಡ್ಡೆ ತರಿಸಿದೆ. ಐದು ಬರುವಾಗಲೇ ಕೊಳೆತಿತ್ತು. ನಾಲ್ಕು ಮೊಳೆತಿದೆ. ಉಳಿದ ಮೂರು ಗಟ್ಟಿಯಾಗಿಯೇ ಇದೆ, ಎರಡು ತಿಂಗಳಾದರೂ ಮೊಳಕೆ ಇಲ್ಲ. ಕಾಯಲೇ? — ಓದುಗರೊಬ್ಬರು, ನಾಪೋಕ್ಲು

ಕಾಯಬೇಡಿ. ಆ ಮೂರು ಕುರುಡು ಗೆಡ್ಡೆ.

ಗೆಣಸಾದರೆ ಎಲ್ಲಿಂದ ಬೇಕಾದರೂ ಮೊಳೆಯುತ್ತದೆ. ಡೇಲಿಯಾ ಹಾಗಲ್ಲ. ಗೆಡ್ಡೆಯ ಕತ್ತು ಹಳೇ ಕಾಂಡಕ್ಕೆ ಸೇರುವ ಜಾಗದಲ್ಲಿ ಸಣ್ಣ ಗುಳ್ಳೆಯ ಹಾಗೆ ಕಣ್ಣು ಇರುತ್ತದೆ. ಮೊಳಕೆ ಅಲ್ಲಿಂದ ಮಾತ್ರ. ಗೊಂಚಲು ಬಿಡಿಸುವಾಗ ಕತ್ತು ಮುರಿದು ಗೆಡ್ಡೆ ಮಾತ್ರ ಬಂದರೆ ಅದು ಎಷ್ಟು ದಪ್ಪ ಇದ್ದರೂ ಪ್ರಯೋಜನವಿಲ್ಲ. ಕೆಲವು ಸಲ ಅದು ಬೇರು ಕೂಡ ಬಿಡುತ್ತದೆ, ನಮ್ಮನ್ನು ಆಸೆ ಹುಟ್ಟಿಸಿ ಸಾಯಿಸಲಿಕ್ಕೆ. ಪಾರ್ಸೆಲ್ ಬಿಚ್ಚುವಾಗ ಫೋನ್‌ನಲ್ಲಿ ವಿಡಿಯೋ ಮಾಡಿ, ಒಂದೊಂದನ್ನೂ ತಿರುಗಿಸಿ ಕತ್ತು ತೋರಿಸಿ. ಅವತ್ತೇ ಕಳಿಸಿದರೆ ಕೇಳುತ್ತಾರೆ, ಎರಡು ತಿಂಗಳ ಮೇಲೆ ಯಾರೂ ಕೇಳುವುದಿಲ್ಲ.

ಕೊಳೆತದ್ದಕ್ಕೆ ಕಾರಣ ನೀವೇ ಊಹಿಸಿರಬಹುದು. ಮೇಲೆ ನಾನು ಕಕ್ಕಡದಲ್ಲಿ ತರಿಸಿ ಅಂದಿದ್ದು ಬೀಜದ ಮಾತು. ಬೀಜ ಒಣಗಿದ ವಸ್ತು, ತಡೆಯುತ್ತದೆ. ಗೆಡ್ಡೆ, ಗಿಡ ಹಾಗಲ್ಲ. ದುಡ್ಡು ಕಟ್ಟಿ ಹೆಸರು ಹೇಳಿಡಿ, ಆದರೆ ‘ಸೆಪ್ಟೆಂಬರ್ 15 ಆದ ಮೇಲೆ ಕಳಿಸಿ’ ಅಂತ ಬರೆಯಿರಿ. ಇದನ್ನು ನಾನು ಕಲಿತದ್ದು 2018ರಲ್ಲಿ. ಜುಲೈ ಕೊನೆಗೆ ಡೇಲಿಯಾಗೆ ಹೇಳಿದ್ದೆ. ಆಗಸ್ಟ್ ಮಧ್ಯದಲ್ಲಿ ಗುಡ್ಡ ಕುಸಿಯಿತು. ನಮ್ಮ ಮಾದಾಪುರದ ಕಡೆ ರಸ್ತೆಯೇ ಉಳಿಯಲಿಲ್ಲ. ಪೆಟ್ಟಿಗೆ ಎಲ್ಲೋ ಕೂತಿತ್ತು. ಮನೆ ಮಠ ಕಳೆದುಕೊಂಡವರು ಪರಿಹಾರ ಕೇಂದ್ರದಲ್ಲಿ ಇರುವಾಗ ನನ್ನ ಹೂವಿನ ಗೆಡ್ಡೆ ಎಲ್ಲಿ ಅಂತ ಫೋನ್ ಮಾಡಲು ಬಾಯಿ ಬರಲಿಲ್ಲ. ತಿಂಗಳಾದ ಮೇಲೆ ಬಂತು. ಮುಚ್ಚಳ ತೆಗೆದರೆ ಹುಳಿ ವಾಸನೆ, ಒಳಗೆಲ್ಲ ಗಂಜಿ. ಒಂದೇ ಒಂದು ಗೆಡ್ಡೆ, ಹೆಬ್ಬೆರಳಿನಷ್ಟು, ಪೇಪರ್ ಮಡಿಕೆಯಲ್ಲಿ ಸಿಕ್ಕಿಕೊಂಡು ಒಣಗಿತ್ತು. ಅದನ್ನೇ ನೆಟ್ಟೆ. ಕಂದು ಕೆಂಪು, ಅಂಗೈಗಿಂತ ದೊಡ್ಡ ಹೂ. ಸಾಗರದ ನೆಂಟರು ಡೇಲಿಯಾವನ್ನು ಡೇರೆ ಹೂವು, ಡೇರೆ ಹೂವು ಅನ್ನುತ್ತಾ ಪ್ರತಿ ಸಲ ಅದರ ಕಡ್ಡಿಯನ್ನೇ ಕೇಳಿ ಒಯ್ಯುತ್ತಾರೆ.

ಹಾಸ್ ಜಾತಿಯ ಬೆಣ್ಣೆಹಣ್ಣಿನ ಗಿಡ, ಕಿತ್ತಳೆ ಗಿಡ ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿ ಫೆಬ್ರವರಿಯಲ್ಲಿ ನೆಡಬೇಕೆಂದಿದ್ದೇನೆ. — ಓದುಗರೊಬ್ಬರು, ಗೋಣಿಕೊಪ್ಪ

ಗೋಣಿಕೊಪ್ಪದಲ್ಲೇ ಕೃಷಿ ವಿಜ್ಞಾನ ಕೇಂದ್ರ ಇಟ್ಟುಕೊಂಡು ಕೊರಿಯರ್‌ನವರಿಗೆ ಯಾಕೆ ದುಡ್ಡು? ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಬೆಣ್ಣೆಹಣ್ಣು, ರಂಬುಟಾನ್, ಕಿತ್ತಳೆ ಎಲ್ಲ ನಮ್ಮ ಮಳೆ, ನಮ್ಮ ಮಣ್ಣಿನಲ್ಲೇ ನೋಡಿದವರು ಅವರು. ಫೋನ್ ಮಾಡಿ, ಗಿಡ ಇದೆಯಾ ಕೇಳಿ ಹೋಗಿ.

ಕಿತ್ತಳೆಯನ್ನಂತೂ ಗುರುತಿಲ್ಲದ ಕಡೆಯಿಂದ ತರಲೇಬೇಡಿ. ಎಲೆ ಹಳದಿಯಾಗಿ ಗಿಡವೇ ಸೊರಗುವ ಗ್ರೀನಿಂಗ್ ರೋಗ ಕಸಿ ಕಡ್ಡಿಯಲ್ಲೇ ಬರುತ್ತದೆ, ಆಮೇಲೆ ಸಣ್ಣ ಜಿಗಿ ಹುಳ ಅದನ್ನು ಪಕ್ಕದ ತೋಟಕ್ಕೂ ಹಂಚುತ್ತದೆ. ಫೆಬ್ರವರಿ ಬೇಡ, ಜೂನ್‌ನ ಮೊದಲ ಮಳೆಗೆ ನೆಡಿ. ಬೆಣ್ಣೆಹಣ್ಣಿಗೆ ನೀರು ನಿಲ್ಲದ ಇಳಿಜಾರು ನೋಡಿ, ನಿಂತರೆ ಬೇರು ಕೊಳೆಯುತ್ತದೆ.

ಮನೆ ಮುಂದೆ ಟೊಮೇಟೊ ಹಾಕಿದರೆ ಕಾಯಿ ಬಿಡುವಾಗ ಗಿಡ ಒಮ್ಮೆಲೇ ಬಾಡುತ್ತದೆ. ಯಾವ ಬೀಜ ತರಿಸಲಿ? — ಓದುಗರೊಬ್ಬರು, ಸಿದ್ದಾಪುರ

ಅದು ಸೊರಗು ರೋಗ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ ನೋಡಿ. ಸೊರಗು, ಎಲೆ ಮುದುಡು, ಎಲೆ ಅಂಗಮಾರಿ, ಮೂರನ್ನೂ ತಡೆಯುವ ಹೈಬ್ರಿಡ್. ಅವರು ಆನ್‌ಲೈನ್‌ನಲ್ಲೂ ಬೀಜ ಮಾರುತ್ತಾರೆ. ಬಾಡಿದ ಜಾಗದಲ್ಲೇ ಮತ್ತೆ ಟೊಮೇಟೊ, ಬದನೆ, ಮೆಣಸಿನಕಾಯಿ ಮಾತ್ರ ಬೇಡ.

ಪ್ಯಾಕೆಟ್‌ನಲ್ಲಿ ಉಳಿದ ಬೀಜ ಮುಂದಿನ ವರ್ಷಕ್ಕೆ ಇಡಬಹುದೇ? — ಓದುಗರೊಬ್ಬರು, ಶನಿವಾರಸಂತೆ

ಇಡಬಹುದು, ಮಳೆಗಾಲದ ತೇವ ತಾಗದಿದ್ದರೆ. ಒಂದು ಹಿಡಿ ಅಕ್ಕಿಯನ್ನು ಚೆನ್ನಾಗಿ ಹುರಿದು, ಪೂರ್ತಿ ಆರಿಸಿ, ಬಟ್ಟೆಯಲ್ಲಿ ಕಟ್ಟಿ ಬಿಗಿ ಮುಚ್ಚಳದ ಡಬ್ಬಿಯ ಅಡಿಗೆ ಹಾಕಿ. ಪ್ಯಾಕೆಟ್‌ಗಳನ್ನು ಮೇಲಿಟ್ಟು ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಬಿತ್ತುವ ಮೊದಲು ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿಟ್ಟು ನೋಡಿ. ಐದಾದರೂ ಮೊಳೆತರೆ ಒತ್ತಾಗಿ ಬಿತ್ತಿದರಾಯ್ತು. ಟೊಮೇಟೊ, ಚೆಂಡುಹೂವು ಎರಡು ವರ್ಷ ಆರಾಮಾಗಿ ಇರುತ್ತವೆ. ಆಸ್ಟರ್ ಮಾತ್ರ ಉಳಿಸಬೇಡಿ, ಅದರ ಜೀವ ಒಂದೇ ವರ್ಷದ್ದು. ಉಳಿದಿದ್ದನ್ನು ಈ ಸೆಪ್ಟೆಂಬರ್‌ನಲ್ಲೇ ಪಕ್ಕದ ಮನೆಗೆ ಕೊಟ್ಟುಬಿಡಿ. ನನ್ನ ಅಂಗಳದ ಬಿಳಿ ಆಸ್ಟರ್ ಹಾಗೆ ಬೇಲಿ ದಾಟಿ ಬಂದದ್ದೇ, ಅರ್ಧ ಪ್ಯಾಕೆಟ್, ರಬ್ಬರ್ ಬ್ಯಾಂಡ್ ಹಾಕಿ.