ಎಲ್ಲವೂ ಇಷ್ಟ ಅಂದರೆ ಯಾವುದು ಇಷ್ಟ?

ಹೊಸನಗರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾನು ಭಾವಗೀತೆಯಿಂದ ಹಿಡಿದು ಇಂಗ್ಲಿಷ್ ಪಾಪ್‌ವರೆಗೆ ಎಲ್ಲ ಕೇಳುತ್ತೇನೆ ಅಂತ ಒಂದು ಸಾಲು ಬರೆದಿದ್ದೆ. ಅವರಿಗೆ ಅದು ಹಿಡಿಸಲಿಲ್ಲ. "ಎಲ್ಲವೂ ಇಷ್ಟ ಅನ್ನುವವರಿಗೆ ನಿಜವಾಗಿ ಯಾವುದೂ ಇಷ್ಟ ಇರುವುದಿಲ್ಲ. ನಾನು ಮೊದಲಿನಿಂದ ಭಾವಗೀತೆ ಕೇಳಿಕೊಂಡು ಬಂದವನು. ನನ್ನ ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ದಿನವಿಡೀ ರ‍್ಯಾಪ್ ಕೇಳುತ್ತಾನೆ. ಇಬ್ಬರಲ್ಲಿ ಒಬ್ಬರ ರುಚಿಯಾದರೂ ಕೆಟ್ಟಿರಬೇಕಲ್ವಾ? ಹಾಡಿನ ಹೆಸರು ಹೇಳಿ, ಯಾಕೆ ಇಷ್ಟ ಅಂತ ಹೇಳಿ, ಜಾರಿಕೊಳ್ಳಬೇಡಿ" ಅಂದಿದ್ದಾರೆ.

ಜಾರಿಕೊಳ್ಳುವುದಿಲ್ಲ ಸ್ವಾಮಿ. ನನಗೆ ಎಲ್ಲ ಬಗೆಯ ಹಾಡೂ ಇಷ್ಟ ಅಂದೆನೇ ಹೊರತು ಎಲ್ಲ ಹಾಡೂ ಇಷ್ಟ ಅನ್ನಲಿಲ್ಲ. ಭಾವಗೀತೆಯಲ್ಲೇ ನನಗೆ ಸೇರದವು ರಾಶಿ ಇವೆ. ಕವಿತೆಯ ಮೇಲೆ ಕೊಳಲು, ಕೊಳಲಿನ ಮೇಲೆ ಕೀಬೋರ್ಡು ಹೇರಿ, ಹಾಡುವವರು ಎಲ್ಲೋ ಮೂಲೆಯಲ್ಲಿ ನಿಂತಂತೆ ಕೇಳಿಸುವ ಧ್ವನಿಮುದ್ರಿಕೆಗಳನ್ನು ಎರಡನೇ ಸಲ ಹಾಕಲು ನನ್ನಿಂದಾಗುವುದಿಲ್ಲ. ನನಗೆ ಹಾಡುವವರ ಉಸಿರು ಕೇಳಿಸಬೇಕು. ಎಲ್ಲಿ ಎಳೆದುಕೊಂಡರು, ಎಲ್ಲಿ ಸಾಲದೆ ಬಂತು, ಎಲ್ಲಿ ಬೇಕಂತಲೇ ತಡೆದರು, ಇಷ್ಟು ಗೊತ್ತಾದರೆ ಆಮೇಲೆ ಅದು ಯಾವ ಭಾಷೆ, ಯಾವ ಪ್ರಕಾರ ಅಂತ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡುತ್ತೇನೆ. ಗಾಯಕ ಶಿವಮೊಗ್ಗ ಸುಬ್ಬಣ್ಣ ನಿಮ್ಮ ಹೊಸನಗರ ತಾಲ್ಲೂಕಿನ 'ನಗರ' ಅನ್ನುವ ಊರಿನವರು, ವೃತ್ತಿಯಲ್ಲಿ ವಕೀಲರು. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಪ್ರಶಸ್ತಿ ಇರಲಿ, ಆ ಹಾಡಲ್ಲಿ 'ಓಡಿ ಬಂದಿತ್ತಾ' ಅನ್ನುವ ಕಡೆ ದನಿ ಬಿಟ್ಟುಬಿಡುವುದನ್ನು ಕೇಳಿ. ಎದುರಿಗೆ ಮೈಕ್ ಇದೆ ಅಂತ ಗೊತ್ತಿರುವವರು ಸಾಮಾನ್ಯವಾಗಿ ಅಲ್ಲಿ ಸ್ವಲ್ಪ ಹಿಂದೆ ಸರಿದು, ದನಿ ತಗ್ಗಿಸಿ, ಜೋಪಾನವಾಗಿ ಹಾಡುತ್ತಾರೆ. ಇವರು ಬಯಲಲ್ಲಿ ನಿಂತು ಆಚೆ ಗುಡ್ಡದವರನ್ನು ಕರೆದ ಹಾಗೆ ಹಾಡುತ್ತಾರೆ. 2022ರಲ್ಲಿ ಅವರು ತೀರಿಕೊಂಡಾಗ ನಾನು ಸುಮ್ನೆ ಅದೊಂದನ್ನೇ ಮತ್ತೆ ಮತ್ತೆ ಕೇಳಿದೆ.

ಇದೇ ಸುಬ್ಬಣ್ಣ ಶಿಶುನಾಳ ಷರೀಫರ 'ಕೋಡಗನ ಕೋಳಿ ನುಂಗಿತ್ತಾ' ಹಾಡಿ ಮನೆಮನೆಗೆ ಮುಟ್ಟಿಸಿದರು. ಅದೇ ಷರೀಫರ 'ಗುಡುಗುಡಿಯ ಸೇದಿ ನೋಡೋ' ಪದವನ್ನು ರಘು ದೀಕ್ಷಿತ್ ಗಿಟಾರ್ ಹಿಡಿದು ಕಾಲು ಕುಣಿಸುತ್ತಾ ಹಾಡುತ್ತಾರೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ನೀವು ಒಂದನ್ನು ಕೇಳಿ, ನಿಮ್ಮ ಮಗ ಇನ್ನೊಂದನ್ನು ಕೇಳಲಿ, ಆಮೇಲೆ ಯಾರ ರುಚಿ ಕೆಟ್ಟಿದೆ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿ.

ಉಸಿರಿನ ಮಾತು ಬಂದರೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಬಿಡಲು ಆಗುವುದಿಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಚಿಕ್ಕ ಹುಡುಗನಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ಹಾಡನ್ನು ಇದ್ದಕ್ಕಿದ್ದ ಹಾಗೆ ಹಾಡಿ ಬೆರಗು ಹುಟ್ಟಿಸಿದವರು. ಇಪ್ಪತ್ತರ ಹರೆಯದಲ್ಲಿ ಕ್ಷಯ ಹಿಡಿಯಿತು. ಒಣ ಹವೆ ಬೇಕು ಅಂತ ಮಧ್ಯಪ್ರದೇಶದ ದೇವಾಸಿಗೆ ಹೋದರು, ವರ್ಷಗಟ್ಟಲೆ ಹಾಡುವ ಹಾಗಿರಲಿಲ್ಲ. ಮಲಗಿದ್ದಲ್ಲೇ ಬೀದಿಯಲ್ಲಿ ಹೋಗುವವರ ಮಾಳವಾ ಪದಗಳನ್ನೂ ರೂಪವಿಲ್ಲದ ದೇವರನ್ನು ಕುರಿತು ಜೋಗಿಗಳು ಹಾಡುವ ನಿರ್ಗುಣ ಭಜನೆಗಳನ್ನೂ ಕೇಳಿಸಿಕೊಂಡರು. ಎದ್ದು ಬರುವಷ್ಟರಲ್ಲಿ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಅವರ 'ಉಡ್ ಜಾಯೇಗಾ ಹಂಸ ಅಕೇಲಾ' ಕೇಳಿ. ಒಂದೇ ಉಸಿರಿಗೆ ಸ್ವರಗಳನ್ನು ಓಡಿಸುವ ಉದ್ದುದ್ದ ತಾನಗಳಿಲ್ಲ. ಗಿಡ್ಡ ಸಾಲು, ನಡುವೆ ಮೌನ, ತಟ್ಟನೆ ಒಂದು ಎತ್ತರದ ಸ್ವರ, ಮತ್ತೆ ಮೌನ. ನನಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಆ ಮೌನದಲ್ಲಿ ಅವರು ಮುಂದಿನ ಸಾಲಿಗೆ ಉಸಿರು ಕೂಡಿಸಿಕೊಳ್ಳುತ್ತಿದ್ದಾರೆ ಅಂತ ತಿಳಿಯಲು ಹಿಂದಿ ಬೇಕಾಗಿಲ್ಲವಲ್ಲ.

ಈಗ ಮಗನ ರ‍್ಯಾಪ್. ನಿಮಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ. ರ‍್ಯಾಪ್ ಕೇಳುವಾಗ ನನಗೆ ನೆನಪಾಗುವುದು ಗಮಕ, ಅಂದರೆ ಹಳೆಗಾಲದ ಕಾವ್ಯವನ್ನು ರಾಗವಾಗಿ ಓದುವ ಕಲೆ. ತುಂಗೆಯ ಈ ದಡದಲ್ಲಿ ಮತ್ತೂರು, ಆ ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಗಮಕ ಅಂದರೇನು ಅಂತ ಮೊಬೈಲಿನಲ್ಲಿ ಹುಡುಕಿದರು. ಕುಮಾರವ್ಯಾಸ ಬರೆದದ್ದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ. ಅದರ ಗಿಡ್ಡ ಸಾಲಿಗೆ 14 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ), ಮೂರು-ನಾಲ್ಕು, ಮೂರು-ನಾಲ್ಕು ಅಂತ. ಮೂರನೇ ಮತ್ತು ಆರನೇ ಸಾಲು 21 ಮಾತ್ರೆ, ಮೇಲೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಜೊತೆಗೆ ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ. ಗಮಕಿಗೆ ತಾಳದ ಕಟ್ಟಿಲ್ಲ, ಆದರೆ ಅರ್ಥ ಕೆಡದ ಹಾಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗೊತ್ತಿರಬೇಕು. ತಪ್ಪಾದ ಕಡೆ ಉಸಿರು ಬಿಟ್ಟರೆ ಭೀಮ ಹೊಡೆದನೋ ಹೊಡೆಸಿಕೊಂಡನೋ ಗೊತ್ತಾಗುವುದಿಲ್ಲ. ರ‍್ಯಾಪ್ ಹಾಡುವ ಹುಡುಗನಿಗೆ ತಾಳ ಓಡಿಸಿಕೊಂಡು ಬರುತ್ತದೆ, ಪ್ರಾಸ ಸಾಲಿನ ಕೊನೆಗೆ ಬರುತ್ತದೆ, ಅವನೂ ಆ ಮಾತಿನ ರಾಶಿಯ ನಡುವೆ ಉಸಿರಿಗೆ ಜಾಗ ಹುಡುಕುತ್ತಿರುತ್ತಾನೆ. ಒಳ್ಳೆಯವನಾದರೆ ಆ ಜಾಗ ನಮಗೆ ಕಾಣುವುದೇ ಇಲ್ಲ. ಬರೀ ದುಡ್ಡು, ಕಾರು, ಬಡಾಯಿ ಕೊಚ್ಚುವ ರ‍್ಯಾಪ್ ನನಗೂ ಬೇಡ. ಆ ವಿಷಯದಲ್ಲಿ ನಿಮ್ಮ ಕಡೆಗಿದ್ದೇನೆ.

ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಹಾಡಿಗೆ ಗಾಯಕರ ಹೆಸರಿಲ್ಲ. ಅಂಟಿಗೆ ಪಂಟಿಗೆಯವರ ಬಾಗಿಲು ತೆಗೆಯುವ ಪದ. ನಿಮಗೆ ಹೇಳಬೇಕಾಗಿಲ್ಲ, ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ: ದೀಪಾವಳಿಯ ಬಲಿಪಾಡ್ಯಮಿ ರಾತ್ರಿಯಿಂದ ಒಂದು ಗುಂಪು ದೀಪ ಹಿಡಿದು ಮನೆಮನೆಗೆ ಹೋಗುತ್ತದೆ, ದಾರಿಯಲ್ಲಿ ಎಲ್ಲೂ ದೀಪ ಆರಬಾರದು, ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಮಲೆನಾಡಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ತೋಟ, ಏರು, ಹಳ್ಳ ದಾಟುವ ಸಂಕ ಎಲ್ಲ ಇರುತ್ತದೆ. ಹಾಗಾಗಿ ಅಂಗಳಕ್ಕೆ ಬರುವಷ್ಟರಲ್ಲಿ ಅವರಿಗೆ ಏದುಸಿರು. ನಮ್ಮ ಕಡೆ ಬರುತ್ತಿದ್ದ ತಂಡದಲ್ಲಿ ವಾದ್ಯ ಇರಲಿಲ್ಲ. ಇಬ್ಬರು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಮೊದಲ ಸಾಲು ಯಾವಾಗಲೂ ಅರ್ಧಕ್ಕೇ ಕಡಿಯುತ್ತಿತ್ತು, ಯಾರೋ ಕೆಮ್ಮುತ್ತಿದ್ದರು, ಒಬ್ಬ ಗಾಳಿಗೆ ದೀಪ ಆರದಂತೆ ಕಂಬಳಿಯ ತುದಿ ಅಡ್ಡ ಹಿಡಿದು ಹಾಡುತ್ತಿದ್ದ. ಒಳಗೆ ನಾವೆಲ್ಲ ಎದ್ದೇ ಇರುತ್ತಿದ್ದೆವು. ಆದರೂ ಪದ ಮುಗಿಯುವ ಮೊದಲು ಬಾಗಿಲು ತೆಗೆಯಲು ಅಜ್ಜಿ ಬಿಡುತ್ತಿರಲಿಲ್ಲ. ಈಗ ಇದನ್ನು ವೇದಿಕೆ ಮೇಲೆ ಮೈಕ್ ಕಟ್ಟಿ ಹಾಡಿಸುತ್ತಾರೆ. ಹಾಡಿಸಲಿ, ಉಳಿದರೆ ಸಾಕು. ಆದರೆ ಕುರ್ಚಿಯಿಂದ ಎದ್ದು ಬಂದವರ ದನಿಯಲ್ಲಿ ಆ ಏದುಸಿರು ಎಲ್ಲಿಂದ ಬರಬೇಕು?

ಇಂಗ್ಲಿಷ್ ಅಂದೆನಲ್ಲ, ಅದು ಅಮೆರಿಕದ ಗಾಯಕಿ ಟ್ರೇಸಿ ಚಾಪ್ಮನ್ ಹಾಡಿದ 'ಫಾಸ್ಟ್ ಕಾರ್'. 1988ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಾರ್ಯಕ್ರಮ ಇತ್ತು. ಸ್ಟೀವಿ ವಂಡರ್ ಅವರ ಸಲಕರಣೆ ಕೈಕೊಟ್ಟಿತು ಅಂತ ಸಮಯ ತುಂಬಲು ಈ 24 ವರ್ಷದ ಹುಡುಗಿಯನ್ನು ಮತ್ತೆ ವೇದಿಕೆಗೆ ಕಳಿಸಿದರು. ಕೈಯಲ್ಲಿ ಒಂದು ಗಿಟಾರ್, ಅಷ್ಟೇ. ಬಡತನ ಬಿಟ್ಟು ಓಡಿಹೋಗುವ ಕನಸಿನ ಹಾಡು ಅದು. ಗಿಟಾರ್ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ, ಕಥೆಯಲ್ಲೂ ಯಾರೂ ಎಲ್ಲಿಗೂ ಮುಟ್ಟುವುದಿಲ್ಲ. ಯೂಟ್ಯೂಬ್‌ನಲ್ಲಿದೆ, ಮಗನಿಗೆ ಹೇಳಿದರೆ ಹಾಕಿಕೊಡುತ್ತಾನೆ.

ಹಾಗಂತ ಎಲ್ಲವನ್ನೂ ಈ ಉಸಿರಿನ ಲೆಕ್ಕದಲ್ಲೇ ಅಳೆಯುತ್ತೇನೆ ಅಂತ ತಿಳಿಯಬೇಡಿ. 1981ರ 'ಗೀತಾ' ಚಿತ್ರದ 'ಜೊತೆಯಲಿ ಜೊತೆಜೊತೆಯಲಿ' ಇದೆಯಲ್ಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಇಬ್ಬರಿಗೂ ಅಲ್ಲಿ ಉಸಿರಿನ ಕಷ್ಟವೇ ಇದ್ದ ಹಾಗಿಲ್ಲ. ನನಗೆ ಅದು ಇಷ್ಟ ಇಳಯರಾಜಾ ಅವರ ಬೇಸ್ ಗಿಟಾರಿಗಾಗಿ, ಮತ್ತೆ ತೀರ್ಥಹಳ್ಳಿ ಬಸ್ಸು ಮಂಡಗದ್ದೆ ದಾಟುವಾಗ ಡ್ರೈವರು ಅದನ್ನು ಹಾಕಿದರೆ ಇಡೀ ಬಸ್ಸಿನ ಮುಖ ಸ್ವಲ್ಪ ಸಡಿಲವಾಗುವುದಕ್ಕಾಗಿ. ಕಾರಣ ಅಷ್ಟೇ. ಸಾಲದು ಅಂದರೆ ಬೇರೆ ಇಲ್ಲ.

ಸೇರದ್ದನ್ನೂ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಶ್ರುತಿ ತಿದ್ದಿ, ಸಾಲುಗಳ ನಡುವಿನ ಉಸಿರನ್ನೆಲ್ಲ ಕತ್ತರಿಸಿ ತೆಗೆದ ಈಗಿನ ಎಷ್ಟೋ ಸಿನಿಮಾ ಹಾಡುಗಳು. ಪಾಲಿಶ್ ಮಾಡಿದ ಅಕ್ಕಿಯ ಹಾಗೆ ನೋಡಲು ಬೆಳ್ಳಗೆ, ಬಾಯಿಗೆ ಸಪ್ಪೆ. ಹಾಡಿದವರ ತಪ್ಪಲ್ಲ, ಅವರಲ್ಲಿ ಕೆಲವರನ್ನು ಎದುರಿಗೆ ಕೂರಿಸಿ ಕೇಳಿದರೆ ಚೆನ್ನಾಗಿಯೇ ಹಾಡುತ್ತಾರೆ.

ಒಂದೇ ಒಂದು ಹಾಡು ಆರಿಸಿ ಅಂತಲೂ ಕೇಳಿದ್ದೀರಿ. ದೀಪಾವಳಿಯಲ್ಲಾದರೆ ಬಾಗಿಲು ತೆಗೆಯುವ ಪದ. ಉಳಿದ ದಿನಕ್ಕೆ ಕುಮಾರ ಗಂಧರ್ವರು. ಈಗ ನಿಮ್ಮ ಸರದಿ. ನಿಮ್ಮ ಪಟ್ಟಿ ಕಳಿಸಿ, ಮಗನ ಕೈಯಲ್ಲೂ ಒಂದು ಬರೆಸಿ, ಇಬ್ಬರೂ ಕಾರಣ ಕೊಡಬೇಕು. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕುತ್ತೇನೆ, ಒಂದಕ್ಷರವನ್ನೂ ತಿದ್ದುವುದಿಲ್ಲ. 'ಚೆನ್ನಾಗಿದೆ, ಅದಕ್ಕೆ ಇಷ್ಟ' ಅಂತ ಬರೆದರೆ ಮಾತ್ರ ವಾಪಸ್ ಕಳಿಸುತ್ತೇನೆ.